ಬಣ್ಣದಲ್ಲಿ ಮುಳುಗಿದ ಉಗಿಬಂಡಿ

ನಾನು ಒಂದು ಪ್ಲಾಸ್ಟಿಕ್ ಉಗಿಬಂಡಿ. ಹಳಿಯ ಮೇಲೆ ಓಡುವವಳಲ್ಲ, ಮೇಜಿನ ಮೇಲೆ ನಿಲ್ಲುವವಳು. ನಿಜವಾದ ಮೀಟರ್ ಗೇಜ್ ಎಂಜಿನ್ನಿನ ನಲವತ್ತೆಂಟರಲ್ಲಿ ಒಂದು ಪಾಲು ನನ್ನ ಅಳತೆ. ಕಲ್ಲಿದ್ದಲು ತುಂಬುವ ಟೆಂಡರೂ ಸೇರಿ ಹತ್ತಿರ ಹತ್ತಿರ ಒಂದು ಮೊಳ ಉದ್ದವಿದ್ದೇನೆ. ದೂರದೇಶದ ಕಾರ್ಖಾನೆಯಲ್ಲಿ ಕಾದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಿದಾಗ ಹುಟ್ಟಿದೆ. ಹುಟ್ಟುವಾಗಲೇ ನೂರ ಹನ್ನೆರಡು ತುಂಡಾಗಿದ್ದೆ. ಡಬ್ಬಿಯ ಮುಚ್ಚಳದ ಮೇಲೆ ಮಾತ್ರ ಹೊಗೆ ಬಿಡುತ್ತಾ ಓಡುವ ನನ್ನ ಚಿತ್ರವಿತ್ತು, ಗಂಡಿನ ಕಡೆಯವರಿಗೆ ಕಳಿಸುವ ಫೋಟೋದ ಹಾಗೆ. ಒಳಗಿದ್ದದ್ದು ಬೂದು ಬಣ್ಣದ ಚೂರುಗಳು.

ನನ್ನನ್ನು ಮೊದಲು ಕೊಂಡವನು ಹುಬ್ಬಳ್ಳಿಯ ಒಬ್ಬ ಲೆಕ್ಚರರ್. ಆಸೆಯಿಂದ ಡಬ್ಬಿ ತೆರೆದ, ಜೋಡಿಸುವ ಕ್ರಮದ ಹಾಳೆ ಬಿಡಿಸಿದ, ಅದರ ಉದ್ದ ನೋಡಿ ನಿಟ್ಟುಸಿರುಬಿಟ್ಟು ಮುಚ್ಚಿದ. ಒಂಬತ್ತು ವರ್ಷ ಅಟ್ಟದ ಮೇಲೆ ಮಲಗಿದ್ದೆ. ಆಮೇಲೆ ಅವನು ಮನೆ ಬದಲಿಸುವಾಗ ಹಳೆಯ ಪುಸ್ತಕಗಳ ಜೊತೆ ರದ್ದಿ ಅಂಗಡಿ ಸೇರಿದೆ. ನನಗೆ ಸಿಟ್ಟಿತ್ತು. ತುಂಡಾಗಿಯೇ ಸಾಯುವುದಾದರೆ ಅಚ್ಚಿನಿಂದ ಹೊರಗೇಕೆ ಬರಬೇಕಿತ್ತು?

ರದ್ದಿ ಅಂಗಡಿಯಲ್ಲಿ ಮುಚ್ಚಳದ ಚಿತ್ರ ನೋಡಿ ಒಬ್ಬರು ನಿಂತರು. ಅವರು ಮಾನಪ್ಪ ಚಿತ್ರಗಾರ. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಎಂಜಿನ್ನುಗಳಿಗೆ ಬಣ್ಣ ಬಳಿದು ನಿವೃತ್ತರಾದವರು. ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು ಹೆಂಡತಿ ಶಂಕ್ರವ್ವನಿಗೆ ಹೇಳಿದರು, "ಇದು ದಸ್ತಗೀರ್ ಸಾಹೇಬ್ರ ಬಂಡಿ. ಅದ ಜಾತಿ, ಅದ ಮೂತಿ."

ದಸ್ತಗೀರಸಾಬರು ಆ ಬಂಡಿಯ ಡ್ರೈವರ್ ಆಗಿದ್ದವರು, ಮಾನಪ್ಪನವರ ಹಳೆಯ ಗೆಳೆಯರು. ದಿನಾ ಸಂಜೆ ಚಹಾಕ್ಕೆ ಬರುತ್ತಿದ್ದವರು ಎರಡು ವರ್ಷದ ಹಿಂದೆ ಕಣ್ಣು ಪೂರ್ತಿ ಹೋದ ಮೇಲೆ ಹೊಸ್ತಿಲು ದಾಟಿರಲಿಲ್ಲ. ಮಾನಪ್ಪನವರೇ ಹೋಗಿ ಕುಳಿತರೂ ಮಾತಿಲ್ಲ, ಹ್ಞೂಂ ಅಂದರೆ ಹೆಚ್ಚು. ಅವರ ಎಂಜಿನ್ನನ್ನು ಕೈಗೆ ಕೊಟ್ಟರೆ ಮತ್ತೆ ಬಾಯಿ ಬಿಟ್ಟಾರು ಎಂಬ ಆಸೆ ಮಾನಪ್ಪನವರಿಗೆ. ನಾನು ಹುಟ್ಟಿದ್ದು ಇದಕ್ಕೇ ಎಂದು ನನಗೂ ಜಂಬ ಬಂತು.

ಜಂಬ ಹೆಚ್ಚು ದಿನ ಉಳಿಯಲಿಲ್ಲ. ಆಳೆತ್ತರದ ಚಕ್ರಗಳಿಗೆ ಬಣ್ಣ ಹಚ್ಚಿದ ಹೆಬ್ಬೆರಳಿಗೆ ನನ್ನ ಮೆಟ್ಟಿಲ ಪಕ್ಕದ ಸಣ್ಣ ಹಿಡಿಕೆಗಳು ಸಿಕ್ಕುತ್ತಲೇ ಇರಲಿಲ್ಲ. ಸಿಕ್ಕವು ಮುರಿದವು. ಒಂದು ಚಕ್ರ ಕೆಳಗೆ ಬಿದ್ದು ಶಂಕ್ರವ್ವನ ಕಸಬರಿಗೆಯ ಪಾಲಾಗಿ ಮೂರನೆಯ ದಿನ ಸಿಕ್ಕಿತು. ಅಂಟು ಸೋರಿ ಕಿಟಕಿಯ ಗಾಜು ಮಂಜಾಯಿತು. ಅದನ್ನು ಒರೆಸಲು ಅವರು ವರ್ಕ್‌ಶಾಪಿನ ಅಭ್ಯಾಸದಂತೆ ಥಿನ್ನರ್ ಹಚ್ಚಿದರು. ಕಬ್ಬಿಣಕ್ಕೆ ಥಿನ್ನರ್ ಸ್ನಾನ, ನನಗೆ ಬೆಂಕಿ. ಡ್ರೈವರ್ ಕೂರುವ ಕ್ಯಾಬಿನ ಚಾವಣಿ ಹಪ್ಪಳದಂತೆ ಮುರುಟಿಹೋಯಿತು.

"ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡೀರಿ," ಎಂದಳು ಶಂಕ್ರವ್ವ. ಆದರೂ ಪೌಡರ್ ಡಬ್ಬಿಯೊಂದನ್ನು ಕತ್ತರಿಸಿ ಹೊಸ ಚಾವಣಿಗೆ ತಗಡು ಕೊಟ್ಟಳು. ಮುರಿದ ಹಿಡಿಕೆಗಳ ಜಾಗಕ್ಕೆ ತನ್ನ ಕಸೂತಿಯ ಸೂಜಿಗಳನ್ನೇ ಕೊಟ್ಟಳು.

ಕೊನೆಗೆ ಬಣ್ಣದ ದಿನ ಬಂತು. ಬಣ್ಣವೆಂದರೆ ಮಾನಪ್ಪನವರ ಮನೆದೇವರು. ವರ್ಕ್‌ಶಾಪಿನ ಪದ್ಧತಿಯಲ್ಲಿ ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ಪುಟ್ಟಿ ತುಂಬಿದರು, ಉಪ್ಪುಕಾಗದದಿಂದ ತಿಕ್ಕಿದರು, ಪ್ರೈಮರ್ ಹಚ್ಚಿದರು, ಕರಿ ಎನಾಮಲ್ ಎರಡು ಕೈ ಬಳಿದರು, ಮೇಲೆ ವಾರ್ನಿಷ್. ನಾನು ಕನ್ನಡಿಯಂತೆ ಹೊಳೆದೆ. ಮೂವತ್ತೊಂದು ವರ್ಷದಲ್ಲಿ ಇಂಥ ಕೆಲಸ ಆಗಿಲ್ಲವೆಂದು ಅವರು ಹಿಗ್ಗಿದರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಮರುದಿನವೇ ದಸ್ತಗೀರಸಾಬರ ಮಡಿಲಿಗೆ ನನ್ನನ್ನು ಇಟ್ಟರು. ಅವರ ಬೆರಳುಗಳು ನನ್ನ ಬೆನ್ನ ಮೇಲೆ ಒಮ್ಮೆ ಆಚೆ ಹೋದವು, ಒಮ್ಮೆ ಈಚೆ ಬಂದವು.

"ಏನಪಾ ಮಾನಪ್ಪಾ ಇದು? ಸಾಬೂನೇನು?"

"ಅಲ್ರಿ ಸಾಹೇಬ್ರ, ನಿಮ್ಮ ಬಂಡಿರಿ."

"ನನ್ನ ಬಂಡೀಗೆ ಮೈತುಂಬ ರಿವೆಟ್ ಇದ್ದವು," ಎಂದು ಅವರು ನನ್ನನ್ನು ಹಿಂದಕ್ಕೆ ಕೊಟ್ಟು ಗೋಡೆಯ ಕಡೆ ಮುಖ ತಿರುಗಿಸಿದರು.

ರಿವೆಟ್ಟುಗಳು, ಬಂಡಿಯ ತಗಡು ಬೆಸೆಯುವ ಆ ಗುಂಡುತಲೆಯ ಮೊಳೆಗಳು, ಇದ್ದವು. ಸಾಸಿವೆಗಿಂತ ಸಣ್ಣವು, ನೂರಾರು. ಎಲ್ಲವೂ ಪುಟ್ಟಿಯ ಮತ್ತು ಬಣ್ಣದ ಅಡಿಯಲ್ಲಿ ಉಸಿರುಕಟ್ಟಿ ಮಲಗಿದ್ದವು. ದೊಡ್ಡ ಬಂಡಿಗೆ ಹಚ್ಚುವಷ್ಟೇ ದಪ್ಪ ಬಣ್ಣವನ್ನು ಮೊಳದುದ್ದದ ನನಗೂ ಹಚ್ಚಿದ್ದರು ಮಾನಪ್ಪ. ಆ ಸಂಜೆ ಅವರು ಊಟಕ್ಕೆ ಏಳಲಿಲ್ಲ. "ಕಣ್ಣಿದ್ದೋರು ನೋಡೂ ಹಂಗ ಬಳದ್ನಿ. ಅವರಿಗೆ ಕಣ್ಣಿಲ್ಲ ಅನ್ನೂದು ಮರತ್ನಿ," ಎಂದರು ಶಂಕ್ರವ್ವನಿಗೆ. ಹಿಡಿಕೆ ಮುರಿದು ಚಾವಣಿ ಸುಟ್ಟದ್ದಕ್ಕೆ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲಿಗೇ ಮುಗಿಯಿತು.

ಬಣ್ಣ ಕೀಳಬೇಕು, ಥಿನ್ನರ್ ಹಚ್ಚುವಂತಿಲ್ಲ. ಒಂದು ವಾರ ಸುಮ್ಮನೆ ಕುಳಿತರು. ಕೊನೆಗೆ ಹಿಂದೊಮ್ಮೆ ಬ್ರೇಕ್ ಆಯಿಲ್ ಚೆಲ್ಲಿ ತಮ್ಮ ಸ್ಕೂಟರಿನ ಬಣ್ಣ ಎದ್ದುಹೋದದ್ದು ನೆನಪಾಯಿತು. ಮೊದಲು ಒಂದು ಚಕ್ರಕ್ಕೆ ಹಚ್ಚಿ ನೋಡಿದರು. ಬಣ್ಣ ಸುಲಿಯಿತು, ಚಕ್ರ ಉಳಿಯಿತು. ಹಿಟ್ಟು ನಾದುವ ಪರಾತದಲ್ಲಿ ನನ್ನನ್ನು ಮಲಗಿಸಿ ಎಣ್ಣೆ ಸುರಿದರು. ಇನ್ನು ಆ ಪರಾತ ಅಡುಗೆಮನೆಗೆ ಬರಕೂಡದೆಂದು ಶಂಕ್ರವ್ವ ಖಡಾಖಂಡಿತವಾಗಿ ಹೇಳಿದಳು. ಎರಡು ದಿನ ನೆನೆದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ಕರಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಪುಟ್ಟಿಯನ್ನು ಮಾತ್ರ ಸೂಜಿಯ ಮೊನೆಯಿಂದ ಒಂದೊಂದು ರಿವೆಟ್ಟಿನ ಸುತ್ತಲೂ ಕೆದಕಿ ತೆಗೆಯಬೇಕಾಯಿತು. ಅದಕ್ಕೆ ಹದಿನೇಳು ದಿನ ಹಿಡಿಯಿತು. ಮಾನಪ್ಪನವರ ಕಣ್ಣು ಸೋತಾಗ ಶಂಕ್ರವ್ವ ಸೂಜಿ ಇಸಿದುಕೊಳ್ಳುತ್ತಿದ್ದಳು.

ಈ ಸಲ ಪುಟ್ಟಿ ಇಲ್ಲ, ವಾರ್ನಿಷ್ ಇಲ್ಲ. ಎನಾಮಲ್ಲಿಗೆ ಟರ್ಪಂಟೈನ್ ಬೆರೆಸಿ ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಒಂದೇ ಕೈ ಹಚ್ಚಿದರು. ತೆಳ್ಳಗಾದ ಬಣ್ಣ ಎಡಗಡೆಯ ಕಿಟಕಿಯ ಕೆಳಗೆ ಸೋರಿತು. ಅಳಿಸಲು ಕೈ ಎತ್ತಿದವರು, ಅಲ್ಲಿಯ ರಿವೆಟ್ಟುಗಳು ಬೆರಳಿಗೆ ಸಿಗುವಂತಿರುವುದನ್ನು ನೋಡಿ ಕೈ ಇಳಿಸಿದರು.

ಎರಡನೆಯ ಸಲ ನನ್ನನ್ನು ಒಯ್ದಾಗ ದಸ್ತಗೀರಸಾಬರು ಕೈ ಚಾಚಲಿಲ್ಲ. ಮಾನಪ್ಪನವರೇ ಅವರ ತೋರುಬೆರಳು ಹಿಡಿದು ಕ್ಯಾಬಿನ ಮೆಟ್ಟಿಲಿಗೆ ಮುಟ್ಟಿಸಿದರು. ಬೆರಳು ಅಲ್ಲೇ ನಿಂತಿತು. ಆಮೇಲೆ ತಾನಾಗಿಯೇ ಮೆಟ್ಟಿಲು ಹತ್ತಿತು, ಸೂಜಿಯ ಹಿಡಿಕೆ ಹಿಡಿಯಿತು, ಕಿಟಕಿಯ ಅಂಚಿಗೆ ಬಂತು, ಬಾಯ್ಲರಿನ ಮೇಲೆ ರಿವೆಟ್ಟಿನ ಸಾಲು ಹಿಡಿದು ಹೊಗೆಕೊಳವೆಯವರೆಗೆ ಹೋಯಿತು.

"ಇಲ್ಲೇ ಕುಂಡ್ರತಿದ್ನಿ ನೋಡು," ಎಂದರು ಬೆರಳನ್ನು ಕಿಟಕಿಗೆ ಮರಳಿಸಿ. ಅದರ ಅಂಚಿನ ಸುತ್ತ ಬೆರಳಾಡಿಸುತ್ತ ಕೇಳಿದರು, "ಬಣ್ಣ ಹ್ಯಾಂಗ ಬಂದೈತಿ?"

ಚೆನ್ನಾಗಿದೆ ಎಂದರೆ ನಂಬಿಬಿಡುತ್ತಿದ್ದರು. ಮಾನಪ್ಪ ತಲೆ ತಗ್ಗಿಸಿ ಹೇಳಿದರು, "ಕಿಟಕಿ ಕೆಳಗ ಒಂದು ಕಡೆ ಸೋರೇತ್ರಿ ಸಾಹೇಬ್ರ."

"ನೀ ಬಳದ ಖರೇ ಬಂಡೀಗೂ ಸೋರಿತ್ತಪಾ. ಟೆಂಡರ್ ಮ್ಯಾಲೆ, ಗೇಣುದ್ದ. ಹನ್ನೊಂದು ವರ್ಷ ದಿನಾ ನೋಡೀನಿ."

"ಮತ್ತ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀ ಬಿಡತಿದ್ದೇನು? ಎಲ್ಲಾ ಕಿತ್ತು ಮತ್ತ ಹಚ್ಚತಿದ್ದಿ. ನನ್ನ ಬಂಡಿ ಎಂಟು ದಿನ ಶೆಡ್ಡಿನ್ಯಾಗ ನಿಲ್ಲತಿತ್ತು."

ಮಾನಪ್ಪ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ದಸ್ತಗೀರಸಾಬರು ಅವತ್ತು ಬಂಡಿಯ ಮಾತು ಶುರುಮಾಡಿದವರು ಚಹಾ ಆರಿಹೋದರೂ ನಿಲ್ಲಿಸಲಿಲ್ಲ. ಮುಂದಿನ ಶುಕ್ರವಾರ ನಮಾಜು ಮುಗಿಸಿ, ಕೋಲು ಹಿಡಿದು, ತಾವೇ ಮಾನಪ್ಪನವರ ಮನೆಗೆ ಬಂದರು.

ಈಗ ನಾನಿರುವುದು ದಸ್ತಗೀರಸಾಬರ ಮನೆಯ ಕಿಟಕಿಕಟ್ಟೆಯ ಮೇಲೆ. ನನಗೂ ವಯಸ್ಸಾಯಿತು. ದಿನಾ ಬೆರಳಾಡಿ ನನ್ನ ಕರಿ ಬಣ್ಣ ಸವೆದು, ಹುಟ್ಟುವಾಗಿನ ಬೂದು ಮೈ ಅಲ್ಲಲ್ಲಿ ಕಾಣುತ್ತಿದೆ. ಕೆಟ್ಟಲ್ಲದೆ ಯಾವ ಕೆಲಸವೂ ಕೈಗೆ ಹತ್ತುವುದಿಲ್ಲ ಎಂಬುದನ್ನು ನನ್ನ ಮೈಯೇ ಕಲಿತಿದೆ. ಮಾನಪ್ಪನವರಿಗೆ ಮಾತ್ರ ಈ ಬೋಳು ಕಂಡರೆ ತಡೆಯದು. ಮೊನ್ನೆ ಕಿಸೆಯಲ್ಲಿ ಸಣ್ಣ ಬ್ರಷ್ಷು ಇಟ್ಟುಕೊಂಡೇ ಬಂದಿದ್ದರು. ಟರ್ಪಂಟೈನಿನ ವಾಸನೆಗೆ ದಸ್ತಗೀರಸಾಬರು ಮೂಗು ಎತ್ತಿದರು, ನನ್ನನ್ನು ಎದೆಗೆ ಒತ್ತಿಕೊಂಡರು.

"ಹಚ್ಚಬ್ಯಾಡಪಾ ಮಾನಪ್ಪಾ," ಎಂದರು. "ಈಗಷ್ಟ ಚಂದ ಕಾಣಾಕ ಹತ್ತೈತಿ."