ಹರಳೆಣ್ಣೆ ಕುಡಿದ ಕಲ್ಲುಗಳು

ಮೋಟರಿನ ಗುಂಡಿ ಒತ್ತಿದ ಕೂಡಲೇ ಉಜ್ಜುವ ಕಲ್ಲು ಕಿರುಚಬೇಕಿತ್ತು. ಕಿರುಚಲಿಲ್ಲ. ಜಾರಿತು, ಗೊಣಗಿತು, ಆಮೇಲೆ ಎಂಜಿನ್ನಿನ ಸಿಲಿಂಡರ್ ಹೆಡ್ಡಿನ ಗುಳಿಯೊಳಗಿಂದ ಒಂದು ಎಳೆ ಹೊಗೆ ಎದ್ದಿತು. ಅನು ಮೋಟರನ್ನು ತಟ್ಟನೆ ಮೇಲೆತ್ತಿ ಮೂಗು ಅರಳಿಸಿದಳು.

ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಶಿವಮ್ಮನಿಗೂ ಆ ವಾಸನೆ ಬಡಿಯಿತು. ಹರಳೆಣ್ಣೆ. ಅವರೇ ಮೈಸೂರಿನಿಂದ ತಂದ ಬಾಟಲಿಯದು.

"ಅತ್ತೆ, ಈ ಕಲ್ಲಿಗೆ ಏನಾದ್ರೂ ಹಚ್ಚಿದ್ರಾ?"

"ನಿನ್ನೆ ಆಯುಧಪೂಜೆ ಅಲ್ವೇನಮ್ಮ? ನೀನು ಅಂಗಡಿಗೆ ಹೋಗಿದ್ದಾಗ ಒರೆಸಿ, ಎಣ್ಣೆ ಹಚ್ಚಿ, ಕುಂಕುಮ ಇಟ್ಟೆ."

"ಎಲ್ಲಾ ಕಲ್ಲಿಗೂ?"

"ಒಂದಕ್ಕೆ ಇಟ್ಟು ಇನ್ನೊಂದನ್ನ ಬಿಡಕ್ಕಾಗುತ್ತಾ?"

ಅನು ಕನ್ನಡಕ ಬಿಚ್ಚಿ ಮೇಜಿನ ಮೇಲಿಟ್ಟಳು. ಪೆಟ್ಟಿಗೆಯಿಂದ ಒಂದೊಂದೇ ಕಲ್ಲು ತೆಗೆದು ಉಗುರಿನಿಂದ ಕೆರೆದಳು. ಪ್ರತಿಯೊಂದರ ನೆತ್ತಿಯಲ್ಲೂ ಕೆಂಪು ಬೊಟ್ಟು, ಬೊಟ್ಟಿನ ಸುತ್ತ ಎಣ್ಣೆ ಇಳಿದ ಕಪ್ಪು.

"ಪರವಾಗಿಲ್ಲ ಬಿಡಿ" ಅಂದಳು.

ಸೊಸೆ ಗದರಿದ್ದರೆ ಶಿವಮ್ಮ ತಿರುಗಿ ಒಂದು ಮಾತಾಡಿ ಹಗುರಾಗುತ್ತಿದ್ದರು. ಈ ಪರವಾಗಿಲ್ಲ ಮುಳ್ಳಿನಂತೆ ಒಳಗೇ ಮುರಿದುಕೊಂಡಿತು.

ಆ ಪೆಟ್ಟಿಗೆ ಎಂಥದ್ದೆಂದು ಅವರಿಗೆ ಗೊತ್ತಿತ್ತು. ಪಕ್ಕದ ಬೀದಿಯ ರಾಡ್ ಎಂಬ ಮುದುಕ ತನ್ನ ಗ್ಯಾರೇಜು ಮುಚ್ಚುವಾಗ ಅನುವಿಗೆ ಕೊಟ್ಟದ್ದು. ಅದರಲ್ಲಿನ ಮೋಟರು ರಾಡ್‌ಗಿಂತ ಹಳೆಯದು. ಎಂಜಿನ್ನಿನ ವಾಲ್ವು ಕೂರುವ ಲೋಹದ ಉಂಗುರ, ಇವರು ಸೀಟು ಅನ್ನುತ್ತಾರೆ, ಸವೆದರೆ ಅದನ್ನು ಈ ಕಲ್ಲುಗಳಿಂದ ಮತ್ತೆ ನಯವಾಗಿ ಉಜ್ಜಬೇಕು. ಅಂಥ ಕಲ್ಲುಗಳನ್ನು ಈಗ ಯಾರೂ ಮಾಡುವುದಿಲ್ಲವಂತೆ. ಅನು ಕಂಪನಿ ಕೆಲಸ ಬಿಟ್ಟು ಕಿಲ್ಬರ್ನ್ ಬಡಾವಣೆಯ ಈ ಶೆಡ್ಡಿನಲ್ಲಿ ಕೂತ ಮೇಲೆ ಕೈಗೆ ಬಂದ ಮೊದಲ ಕೆಲಸವೂ ರಾಡ್‌ನದೇ, ಅವನ ಹಳೆಯ ಯೂಟ್, ಹಿಂದೆ ಸಾಮಾನು ಹೇರುವ ತೆರೆದ ಗಾಡಿ. ಶನಿವಾರ ಹಳೇ ಗಾಡಿಗಳ ಮೆರವಣಿಗೆಯಲ್ಲಿ ಅದು ಓಡಬೇಕು. ಓಡಿದರೆ ಅಲ್ಲಿ ಸೇರುವ ಮುದುಕರೆಲ್ಲ ತಮ್ಮ ಎಂಜಿನ್ನುಗಳನ್ನು ಈ ಬಾಗಿಲಿಗೇ ತರುತ್ತಾರೆ. ಓಡದಿದ್ದರೆ ಇಲ್ಲ.

ಶಿವಮ್ಮ ದಿನವೂ ನೋಡುತ್ತಿದ್ದರು. ಕಲ್ಲು ತಿರುಗಲು ಆಸರೆಯಾಗುವ ಉಕ್ಕಿನ ಕಡ್ಡಿಗೆ ಅನು ಪ್ರತಿ ಸಲವೂ ಒಂದು ಹನಿ ಎಣ್ಣೆ ಬಿಡುತ್ತಿದ್ದಳು. ಕಡ್ಡಿಗೆ ಎಣ್ಣೆ ಬೇಕಾದರೆ ಕಲ್ಲಿಗೂ ಬೇಕಲ್ಲವೇ? ಕಡ್ಡಿ ಎಣ್ಣೆಯನ್ನು ಮೈಮೇಲೆ ಇಟ್ಟುಕೊಳ್ಳುತ್ತದೆ, ಕಲ್ಲು ಕುಡಿದುಬಿಡುತ್ತದೆ ಎಂದು ಯಾರು ಹೇಳಬೇಕಿತ್ತು?

ಸಂಜೆ ಅಡುಗೆಮನೆಯಲ್ಲಿ ಅನು ಗಂಡ ಕಿರಣನ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಶಿವಮ್ಮನಿಗೆ ಕೇಳಿದ್ದು ಅರ್ಧ. "ಅತ್ತೆಗೆ ಇಲ್ಲಿ ಬೇಜಾರು..." ಅಂದದ್ದು, ಮಗ "ಹ್ಞೂಂ" ಅಂದದ್ದು. ಸ್ವಲ್ಪ ಹೊತ್ತಿಗೆ ಪರ್ತ್‌ನಿಂದ ದೊಡ್ಡ ಮಗ ಸುನೀಲನ ಫೋನು.

"ಅಮ್ಮ, ಕಲ್ಲಿಗೆಲ್ಲ ಅಭ್ಯಂಜನ ಮಾಡ್ಸಿದ್ಯಂತೆ?" ಎಂದು ನಕ್ಕ. "ಇಲ್ಲಿಗೆ ಬಂದ್ಬಿಡು. ಟಿಕೆಟ್ ಮಾಡ್ತೀನಿ. ಪಿಯಾರಾ ವಾಟರ್ಸ್‌ನಲ್ಲಿ ನಮ್ಮ ಬೀದಿ ತುಂಬಾ ಕನ್ನಡದ ಆಂಟಿಗಳು."

"ನೋಡೋಣ" ಅಂದರು ಶಿವಮ್ಮ.

ಆ ಮನೆಯಲ್ಲಿ ಅವರು ಇದ್ದು ಬಂದವರೇ. ಸುನೀಲ ಗಣಿಗೆ ಹೋದರೆ ಎರಡು ವಾರ ಇಲ್ಲ, ಸೊಸೆಗೆ ಆಸ್ಪತ್ರೆ ಕೆಲಸ, ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಒಲೆ ಕೂಡ ಮುಟ್ಟಿದರೆ ಕುಂಯ್ ಅನ್ನುತ್ತಿತ್ತು. ಬ್ರಿಸ್ಬೇನಿನ ಟೂವಾಂಗ್‌ನಲ್ಲಿ ಮಗಳು ನಿಹಾರಿಕಾಳ ಫ್ಲಾಟು ಇನ್ನೂ ಚಿಕ್ಕದು. ಅಲ್ಲಿ ಸೋಫಾವೇ ಅವರ ಕೋಣೆ. ಎರಡೂ ಕಡೆ ಪ್ರೀತಿಗೇನೂ ಕಡಿಮೆ ಇರಲಿಲ್ಲ, ಮಾಡಲು ಕೆಲಸ ಇರಲಿಲ್ಲ ಅಷ್ಟೆ. ಇಲ್ಲಿ ಶೆಡ್ಡಿನ ಬಾಗಿಲಲ್ಲಿ ಅವರದ್ದೇ ಒಂದು ಕುರ್ಚಿ ಇತ್ತು. ಆ ಕುರ್ಚಿಯನ್ನು ತಾವೇ ಕೈಯಾರೆ ಕಳೆದುಕೊಂಡಂತೆ ಅನ್ನಿಸಿ, ಮಲಗುವ ಮೊದಲು ಎರಡು ಸೀರೆ ಮಡಿಸಿ ಸೂಟ್‌ಕೇಸಿನಲ್ಲಿಟ್ಟರು.

ಅನು ಎರಡು ದಿನ ಕಲ್ಲುಗಳನ್ನು ಥಿನ್ನರಿನಲ್ಲಿ ನೆನೆಹಾಕಿದಳು, ಥಿನ್ನರು ಬದಲಿಸಿದಳು, ಆಮೇಲೆ ತಗಡಿನ ಮೇಲೆ ಬಿಸಿಲಿಗೆ ಹರವಿದಳು. ಶಿವಮ್ಮ ಆ ಎರಡು ದಿನ ಶೆಡ್ಡಿನ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಕಾಫಿ ಕೊಟ್ಟು ತಿರುಗಬೇಕು, ಅನು ಕರೆದಳು.

"ಎಲ್ಲಿಗೆ ಹೊರಟ್ರಿ? ಬನ್ನಿ ಇಲ್ಲಿ. ನನಗಿರೋದು ಎರಡೇ ಕೈ."

"ನಾನು ಮುಟ್ಟಿದ್ದು ಸಾಲದಾ?"

"ಕೆಡಿಸಿದವರೇ ರಿಪೇರಿ ಮಾಡ್ಬೇಕು. ನಮ್ಮ ಶೆಡ್ಡಿನ ರೂಲು."

ಅವಳು ಒಂದೊಂದು ಕಲ್ಲನ್ನೂ ಬೆರಳಿಗೆ ಸಿಕ್ಕಿಸಿ ಮರದ ಹಿಡಿಯಿಂದ ತಟ್ಟಿ ಕಿವಿಗೊಟ್ಟಳು, ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ. ಟಿಣ್ ಅಂದದ್ದು ಈಚೆಗೆ. ಒಂದು ಮಾತ್ರ ಮಂಕಾಗಿ ದಬ್ ಅಂದಿತು. ಅದನ್ನು ಕಿಟಕಿಯ ಮೇಲಿಟ್ಟಳು.

"ಅದು ಹೋಯ್ತಾ?" ಅಂದರು ಶಿವಮ್ಮ.

"ಹೋಯ್ತು. ಬಿರುಕು ಬಿಟ್ಟಿದೆ. ತಿರುಗಿಸಿದ್ರೆ ಸಿಡಿದು ಮುಖಕ್ಕೆ ಬರುತ್ತೆ." ಸುಳ್ಳು ಸಮಾಧಾನ ಹೇಳಲಿಲ್ಲ. ಅದೇ ಶಿವಮ್ಮನಿಗೆ ಹಿಡಿಸಿತು.

ಉಳಿದವುಗಳ ಮುಖ ಕೆತ್ತಬೇಕಿತ್ತು. ಒಂದು ಸ್ಟ್ಯಾಂಡು, ಅದರ ಮೇಲೆ ತಿರುಗುವ ಕಲ್ಲು, ಓರೆಯಾಗಿ ನಿಂತ ತೋಳಿನ ತುದಿಯಲ್ಲಿ ಸಾಸಿವೆಯಷ್ಟು ವಜ್ರ. ಅನು ಮೋಟರು ಹಿಡಿದಳು. ಶಿವಮ್ಮ ಕನ್ನಡಕವನ್ನೂ ಮೂಗುಬಟ್ಟೆಯನ್ನೂ ಹಾಕಿಕೊಂಡು ತೋಳನ್ನು ಮೇಲೆ ಕೆಳಗೆ ಆಡಿಸಿದರು.

"ನಿಧಾನ. ಒತ್ತಬೇಡಿ. ಸುಮ್ನೆ ಸವರಿ."

ಕಪ್ಪಾದ ಪೊರೆ ಪುಡಿಯಾಗಿ ಉದುರಿತು. ಕೆಳಗಿನಿಂದ ಹೊಸ ಮುಖ, ಬೂದು, ಒರಟು.

"ನಮ್ಮ ಒರಳಿಗೂ ಹೀಗೇ ಉಳಿ ಹೊಡೆಸ್ತಿದ್ವಿ" ಅಂದರು ಶಿವಮ್ಮ. "ನುಣುಪಾದ್ರೆ ಉದ್ದು ಜಾರುತ್ತೆ, ರುಬ್ಬಲ್ಲ."

"ಅಷ್ಟೇ ವಿಷಯ ಅತ್ತೆ. ನಿಮ್ಮ ಎಣ್ಣೆ ಇದನ್ನ ನುಣುಪು ಮಾಡ್ಬಿಟ್ಟಿತ್ತು."

ಆಮೇಲೆ ಹೆಡ್ಡಿಗೆ ಕಡ್ಡಿ ಇಳಿಸಿ, ಕಲ್ಲು ಕೂರಿಸಿ, ಮೋಟರು ತಾಗಿಸಿದಾಗ ಕಲ್ಲು ಕಿರುಚಿತು. ಕಿವಿಗೆ ಕರ್ಕಶ. ಇಬ್ಬರ ಮುಖವೂ ಅರಳಿತು. ಒಂದು ಕ್ಷಣ ಉಜ್ಜುವುದು, ಎತ್ತಿ ನೋಡುವುದು, ಮತ್ತೆ ಉಜ್ಜುವುದು. ವಾಲ್ವು ಸುತ್ತಲೂ ಸರಿಯಾಗಿ ಕೂತಿದೆಯೇ ಎಂದು ನೋಡಲು ತೆಳ್ಳಗೆ ನೀಲಿ ಬಣ್ಣ ಬಳಿಯಬೇಕು. ಅನು ಬಣ್ಣದ ಟ್ಯೂಬು ಹಿಂಡಿದಳು. ಗಟ್ಟಿಯಾಗಿ ಹೋಗಿತ್ತು.

ಅವಳು ಗಂಡನ ಮನೆಗೆ ಹೊಸದಾಗಿ ಬಂದವಳ ಹಾಗೆ ಸಂಕೋಚದಿಂದ ನಕ್ಕಳು. "ಅತ್ತೆ, ಕುಂಕುಮ ಇದ್ಯಾ?"

ಶಿವಮ್ಮ ಭರಣಿ ತಂದರು, ಚಿಟಿಕೆಯನ್ನು ಬೆರಳಲ್ಲಿ ಹೊಸೆದು ಮರಳಿಲ್ಲವೆಂದು ಖಾತರಿ ಮಾಡಿಕೊಂಡು, ಹನಿ ಎಣ್ಣೆಯಲ್ಲಿ ಕಲಸಿದರು. ಅನು ಅದನ್ನು ವಾಲ್ವಿನ ಅಂಚಿಗೆ ಸವರಿ, ಸೀಟಿನ ಮೇಲಿಟ್ಟು ಅರ್ಧ ತಿರುವಿ ಎತ್ತಿದಳು. ಸೀಟಿನ ಮೇಲೆ ಕೆಂಪು ಉಂಗುರ. ಒಂದು ಕಡೆ ಮಾತ್ರ ತುಂಡಾಗಿತ್ತು. ಇನ್ನೊಂದು ಕ್ಷಣ ಉಜ್ಜಿ ಮತ್ತೆ ನೋಡಿದರು. ಈಗ ಎಲ್ಲೂ ತುಂಡಿಲ್ಲ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಶಿವಮ್ಮನ ಫೋನು ಹೊಡೆದುಕೊಂಡಿತು. ಕೈಯೆಲ್ಲ ಕೆಂಪಾಗಿದ್ದರಿಂದ ಅನುವೇ ಸ್ಪೀಕರ್ ಹಾಕಿದಳು.

"ಅಮ್ಮ, ಭಾನುವಾರದ ಫ್ಲೈಟು ಸಿಗ್ತಿದೆ. ಮಾಡ್ಬಿಡ್ಲಾ?" ಸುನೀಲ.

ಶಿವಮ್ಮ ಸೊಸೆಯನ್ನು ನೋಡಿದರು. "ನೀನೇ ಅಲ್ವಾ ಹೇಳಿದ್ದು, ನನಗಿಲ್ಲಿ ಬೇಜಾರು ಅಂತ?"

ಅನು ಕಣ್ಣು ಪಿಳುಕಿಸಿದಳು. "ಬೇಜಾರು ಮಾಡ್ಕೊಂಡಿದ್ದಾರೆ, ಏನ್ ಮಾಡ್ಲಿ ಅಂತ ಕಿರಣನ್ನ ಕೇಳ್ದೆ. ಅವನೇ ಅಣ್ಣಂಗೆ ಹೇಳಿರ್ತಾನೆ." ಆಮೇಲೆ ಮೆಲ್ಲಗೆ, "ಹೋಗ್ಬೇಕು ಅನ್ಸಿದ್ರೆ ಹೋಗ್ಬನ್ನಿ ಅತ್ತೆ. ಅಲ್ಲಿ ದೊಡ್ಡ ಮನೆ. ಇಲ್ಲಿ ಏನಿದೆ, ಧೂಳು."

"ಹಲೋ? ಅಮ್ಮ? ಕಿಟಕಿ ಪಕ್ಕದ ಸೀಟೇ ಮಾಡ್ತೀನಿ."

ಶಿವಮ್ಮ ಮುಂದಿನ ವಾಲ್ವನ್ನು ಎತ್ತಿಕೊಂಡು ಅದರ ಅಂಚಿಗೆ ಕುಂಕುಮ ಸವರತೊಡಗಿದರು.

"ಬೇಡ" ಅಂದರು. "ನಾನು ಬರಲ್ಲ."