ಪಾಸ್ ಮೇಷ್ಟ್ರ ಕೊನೆಯ ವಿದ್ಯಾರ್ಥಿನಿ

ಮೂವತ್ತನಾಲ್ಕು ವರ್ಷ ಲೆಕ್ಕ ಕಲಿಸಿದ ಅವರಿಗೆ ಪಾಸ್ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಬೇರೆಯವರು ಕೈಬಿಟ್ಟ ಮಕ್ಕಳನ್ನು ತಮ್ಮ ಮನೆಯ ಊಟದ ಮೇಜಿಗೆ ಕರೆಸಿ, ಉರು ಹೊಡೆಸಿ, ಹೇಗೋ ದಡ ಮುಟ್ಟಿಸುತ್ತಿದ್ದರು. ಅರ್ಥವಾಗದಿದ್ದರೆ ಬೇಡ, ಉತ್ತರ ಸರಿಯಿದ್ದರೆ ಸಾಕು ಎಂಬುದು ಅವರ ನಂಬಿಕೆ. ಆ ನಂಬಿಕೆಯಿಂದ ಅವರಿಗೆ ಎಂದೂ ಕೆಟ್ಟದ್ದಾಗಿರಲಿಲ್ಲ.

ಹೆಂಡತಿ ಅದೇ ಮೇಜಿನ ಪಕ್ಕದಲ್ಲಿ ಬಟ್ಟೆ ಹೊಲಿಯುತ್ತ ಆಯುಸ್ಸು ಕಳೆದವಳು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ದಿನ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದವಳು ಮತ್ತೆ ತೆಗೆಯಲಿಲ್ಲ. ಮೊದಲು ನಗು ಹೋಯಿತು, ಆಮೇಲೆ ನಿದ್ದೆ, ಆಮೇಲೆ ಊಟ. ತಟ್ಟೆ ಮುಂದಿಟ್ಟರೆ, "ನನ್ನ ಕರುಳು ಒಣಗಿಹೋಗಿದೆ ರೀ. ತಿಂದಿದ್ದೆಲ್ಲ ಹಾಗೇ ಕೂತಿದೆ. ಯಾಕೆ ದಂಡ ಮಾಡ್ತೀರಿ?" ಎನ್ನುವಳು. ಹೊಟ್ಟೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕರುಳು ಚೆನ್ನಾಗಿದೆ, ಸೊರಗಿರುವುದು ಮನಸ್ಸು ಎಂದು ಚೀಟಿ ಬರೆದುಕೊಟ್ಟರು.

ದೊಡ್ಡಾಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ ಪ್ರತಿ ಗುರುವಾರ ವಯಸ್ಸಾದವರ ಮನೋರೋಗಗಳನ್ನು ನೋಡುತ್ತಿದ್ದರು. ಮೇಷ್ಟ್ರೂ ಅವರ ಜೊತೆಯಲ್ಲೇ ಇದ್ದ ಮಗಳೂ ಅವಳನ್ನು ಅಲ್ಲಿಗೆ ಕರೆದೊಯ್ದರು. ಮಗಳು ಬಸ್ ಕಂಡಕ್ಟರ್. ರಜೆ ಸಿಗುವುದೇ ಕಷ್ಟ, ಆದರೂ ಬಂದಿದ್ದಳು. ಡಾಕ್ಟರನ್ನು ನೋಡುವ ಮೊದಲು ನರ್ಸ್ ಒಂದು ಕಾಗದ ಹಿಡಿದು ಹನ್ನೆರಡು ಪ್ರಶ್ನೆ ಕೇಳಬೇಕು. ಹೂಂ ಅಥವಾ ಇಲ್ಲ ಅಂದರೆ ಸಾಕು.

"ಅಜ್ಜಿ, ಈ ಬದುಕು ಸಾಕು ಅನ್ನಿಸಿದೆಯಾ?"

"ಹೂಂ."

"ಏನಾದ್ರೂ ಕೆಲಸ ಮಾಡೋಣ ಅನ್ನಿಸುತ್ತಾ?"

"ಇಲ್ಲ."

ಮೂರನೆಯ ಪ್ರಶ್ನೆಗೆ ಅವಳು ಗೋಡೆಯತ್ತ ತಿರುಗಿದಳು. ಮತ್ತೆ ಬಾಯಿ ಬಿಡಲಿಲ್ಲ.

"ಇವತ್ತು ಅಜ್ಜಿಗೆ ಸುಸ್ತಾಗಿದೆ. ಮುಂದಿನ ಗುರುವಾರ ಪೂರ್ತಿ ಮಾಡೋಣ" ಎಂದಳು ನರ್ಸ್. "ಕಾಯಿಲೆ ಅಂಕ ಜಾಸ್ತಿ ಬಂದ್ರೆ ಡಾಕ್ಟ್ರು ಒಳಗೆ ಸೇರಿಸ್ಕೊಳ್ತಾರೆ."

ಮೆಟ್ಟಿಲಿಳಿಯುವಾಗ ಮಗಳು ಹೇಳಿದಳು. "ಸೇರಿಸ್ಕೊಂಡ್ರೆ ಒಳ್ಳೇದಪ್ಪ. ನಮ್ಮ ಕೈಲಿ ಆಗ್ತಿಲ್ಲ. ಅಮ್ಮ ದಿನಾ ಕರಗಿಹೋಗ್ತಿದ್ದಾಳೆ."

ಒಳಗೆ ಎಂಬ ಮಾತು ಕೇಳಿದಾಗಿನಿಂದ ಮೇಷ್ಟ್ರಿಗೆ ಅಕ್ಕನದೇ ನೆನಪು. ಅವರು ಎಂಟು ವರ್ಷದವರಿದ್ದಾಗ ಅಕ್ಕನನ್ನು ಹೀಗೇ ಒಂದು ಎತ್ತರದ ಗೋಡೆಯ ಕಟ್ಟಡಕ್ಕೆ ಕರೆದೊಯ್ದಿದ್ದರು. ತಿಂಗಳೊಳಗೆ ಬರ್ತಾಳೆ ಎಂದಿದ್ದರು. ನಾಲ್ಕು ವರ್ಷದ ಮೇಲೆ ಬಂದದ್ದು ಅವಳ ಬಟ್ಟೆಯ ಗಂಟು.

ಮೇಷ್ಟ್ರಿಗೆ ಒಂದು ವಿದ್ಯೆ ಕೈವಶವಾಗಿತ್ತು. ಪರೀಕ್ಷೆಯ ಕೋಣೆಯಲ್ಲಿ ಮಕ್ಕಳ ಎದುರು ನಿಂತು ನಿಂತು, ಯಾವ ಕಾಗದವನ್ನಾದರೂ ತಲೆಕೆಳಗಾಗಿ ಸಲೀಸಾಗಿ ಓದಬಲ್ಲವರಾಗಿದ್ದರು. ನರ್ಸಿನ ಮೇಜಿನ ಈಚೆ ಕೂತೇ ಹನ್ನೆರಡೂ ಪ್ರಶ್ನೆಗಳನ್ನು ಓದಿಕೊಂಡಿದ್ದರು. ಯಾವ ಉತ್ತರಕ್ಕೆ ಅಂಕ ಬೀಳುತ್ತದೆ ಎಂಬುದೂ ಪಕ್ಕದಲ್ಲೇ ಅಚ್ಚಾಗಿತ್ತು. ಮನೆಗೆ ಬಂದವರೇ ನೆನಪಿನಿಂದ ಎಲ್ಲವನ್ನೂ ಬರೆದಿಟ್ಟರು. ಮಗಳು ಕೆಲಸಕ್ಕೆ ಹೋದ ಮೇಲೆ ಹೆಂಡತಿಯನ್ನು ಊಟದ ಮೇಜಿಗೆ ಕೂರಿಸಿದರು.

"ಬದುಕು ಸಾಕು ಅನ್ನಿಸಿದೆಯಾ ಅಂತ ಕೇಳಿದ್ರೆ ಏನು ಹೇಳ್ಬೇಕು?"

"ಹೂಂ ಅಂತ."

"ತಪ್ಪು. ಇಲ್ಲ ಅನ್ಬೇಕು."

"ಆದ್ರೆ ಸಾಕಾಗಿದೆಯಲ್ಲ ರೀ."

"ಅದು ಬೇರೆ ವಿಷಯ ಕಣೇ. ಉತ್ತರ ಇಲ್ಲ."

ಅವಳು ಅವರ ಮುಖ ನೋಡಿದಳು. "ನಿಮ್ಮ ಶಿಷ್ಯರಿಗೆ ನೀವು ಬೈಯೋದು ಕೇಳ್ತಾ ಕೇಳ್ತಾನೇ ನನ್ನ ಹೊಲಿಗೆ ಎಲ್ಲ ಮುಗೀತು. ಕಡೆಗೆ ನನ್ನನ್ನೂ ಕೂರಿಸಿದ್ರಿ. ಇನ್ನು ಬೆಂಚಿನ ಮೇಲೆ ನಿಲ್ಲಿಸೋದೊಂದು ಬಾಕಿ."

ಆರು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಮೇಷ್ಟ್ರ ಕಣ್ಣು ತುಂಬಿ ಬಂತು. ಪಾಠವೇ ಔಷಧಿಯಾಗುತ್ತಿದೆ ಎಂದುಕೊಂಡರು. ಸರಿಯುತ್ತರಕ್ಕೆ ಒಂದು ಗುಟುಕು ಹಾಲು ಎಂದು ಗೊತ್ತು ಮಾಡಿದರು. ಗಂಡ ಹೇಳಿದ ಮಾತನ್ನು ಅವಳು ಮೀರಿದವಳಲ್ಲ, ಕುಡಿದಳು. ದಿನಾ ಬೆಳಗ್ಗೆ ಮೇಷ್ಟ್ರು ಕಣ್ಣು ಮುಚ್ಚಿ ಕೈ ಮುಗಿದು, "ತಂದೆ, ಇದೊಂದು ಸಲ ಇವಳನ್ನು ಪಾಸು ಮಾಡು" ಎಂದು ಬೇಡಿಕೊಂಡರು. ಬೇರೇನನ್ನೂ ಬೇಡಲಿಲ್ಲ.

ಮುಂದಿನ ಗುರುವಾರ ಮಗಳಿಗೆ ರಜೆ ಸಿಗಲಿಲ್ಲ. ಗಂಡ ಹೆಂಡತಿ ಇಬ್ಬರೇ ಹೋದರು. ಹನ್ನೆರಡು ಪ್ರಶ್ನೆಗಳಿಗೂ ಅವಳು ಗಿಳಿಯ ಹಾಗೆ ಉತ್ತರ ಒಪ್ಪಿಸಿದಳು.

"ಅರೆ, ಅಜ್ಜಿ ಒಂದೇ ವಾರದಲ್ಲಿ ಹುಷಾರಾಗಿಬಿಟ್ಟಿದ್ದಾರೆ" ಎಂದು ನರ್ಸ್ ಕಾಗದವನ್ನು ಒಳಗೆ ಕಳಿಸಿದಳು.

ಡಾಕ್ಟರಮ್ಮ ಕಾಗದ ನೋಡಿದರು, ಅವಳ ಮಣಿಕಟ್ಟು ನೋಡಿದರು. "ಊಟ ಹೇಗೆ ನಡೀತಿದೆ ಅಮ್ಮಾ?"

ಆ ಪ್ರಶ್ನೆ ಪಟ್ಟಿಯಲ್ಲಿರಲಿಲ್ಲ. ಅವಳು ಗಂಡನತ್ತ ತಿರುಗಿ ನೋಡಿದಳು.

"ಪರವಾಗಿಲ್ಲ ಡಾಕ್ಟ್ರೇ" ಎಂದರು ಮೇಷ್ಟ್ರು. "ಹಾಲು ಕುಡೀತಾಳೆ."

ಡಾಕ್ಟರಮ್ಮ ಪೆನ್ನು ಹಿಡಿದು ಯೋಚಿಸಿದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. "ಖಾಲಿ ಇರೋದು ಒಂದೇ ಹಾಸಿಗೆ. ಹೋದ ವಾರ ನರ್ಸ್ ಹೇಳಿದ್ದು ಕೇಳಿ ಇವರಿಗೇ ಅಂತ ಇಟ್ಟಿದ್ದೆ. ಹಾಗಾದ್ರೆ ಇನ್ನೊಬ್ಬರಿಗೆ ಕೊಡ್ತೀನಿ. ಮಾತ್ರೆ ತಗೊಳ್ಳಲಿ, ತಿಂಗಳು ಬಿಟ್ಟು ಬನ್ನಿ."

ಹೊರಗೆ ಬಂದ ಮೇಲೆ ಅವಳು ಕೇಳಿದಳು. "ಪಾಸಾದೆನಾ?"

"ಹನ್ನೆರಡಕ್ಕೆ ಹನ್ನೆರಡೂ ಸರಿ."

"ಹಾಗಾದ್ರೆ ಇನ್ನು ಯಾರೂ ಏನೂ ಕೇಳೋದಿಲ್ಲ ಅಲ್ವಾ?"

"ಯಾರೂ ಕೇಳೋದಿಲ್ಲ."

"ಸದ್ಯ" ಎಂದಳು.

ಪಾಠ ಮುಗಿಯಿತು, ಹಾಲೂ ನಿಂತಿತು. ಮೇಷ್ಟ್ರು ಹಳೆಯ ಪ್ರಶ್ನೆಗಳನ್ನೇ ಮತ್ತೆ ಕೇಳಿ ನೋಡಿದರು. ಆಗಲೇ ಪಾಸಾಗಿದೆಯಲ್ಲ ಎಂದು ಅವಳು ಮಗ್ಗುಲಾದಳು. ಡಾಕ್ಟರು ಸೇರಿಸಿಕೊಳ್ಳದೆ ಕಳಿಸಿದರು ಎಂದಷ್ಟೇ ಮಗಳಿಗೆ ಗೊತ್ತಿತ್ತು. ಅವಳು ತುತ್ತು ಹಿಡಿದು ಗೋಗರೆದಳು, ಗದರಿದಳು, ಅತ್ತಳು. ಎರಡು ಸಲ ಆಸ್ಪತ್ರೆಗೆ ಫೋನ್ ಮಾಡಿದಾಗ, ಕೊಟ್ಟ ದಿನಕ್ಕೇ ಬನ್ನಿ ಎಂದರು. ಅಮ್ಮ ನುಂಗಿದ್ದಾಳೆ ಎಂದುಕೊಂಡಿದ್ದ ಮಾತ್ರೆಗಳೆಲ್ಲ ಹೊಲಿಗೆ ಯಂತ್ರದ ಮುಸುಕಿನಡಿ ಸಿಕ್ಕವು. ಹತ್ತೊಂಬತ್ತನೆಯ ದಿನ ಅವಳನ್ನು ಆಂಬುಲೆನ್ಸಿನಲ್ಲಿ ಒಯ್ದರು. ಅಷ್ಟರಲ್ಲಿ ಅನ್ನ ನೀರಿಲ್ಲದೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು.

ಹಿಂಬದಿಯ ಕಟ್ಟಡದಿಂದ ಡಾಕ್ಟರಮ್ಮ ಬಂದು ಹಾಸಿಗೆಯ ಬಳಿ ನಿಂತು ಕಡತ ತಿರುವಿದರು. "ಇಷ್ಟು ಚೆನ್ನಾಗಿ ಉತ್ತರ ಹೇಳಿದವರು ಹೀಗೆ ಹೇಗಾದ್ರು?"

"ಆ ಉತ್ತರ ಅವಳದಲ್ಲ ಡಾಕ್ಟ್ರೇ, ನನ್ನದು" ಎಂದರು ಮೇಷ್ಟ್ರು. ನಿಂತಲ್ಲೇ ಎಲ್ಲವನ್ನೂ ಹೇಳಿದರು. ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಡಾಕ್ಟರಮ್ಮ ಕಡತ ಮುಚ್ಚಿದರು. "ಇದು ವಾಸಿಯಾಗೋ ಕಾಯಿಲೆ ಮೇಷ್ಟ್ರೇ. ಆ ಹಾಸಿಗೆಯಿಂದ ಎಷ್ಟೋ ಜನ ಎದ್ದು ಮನೆಗೆ ಹೋಗಿದ್ದಾರೆ. ನಾನೂ ಅವತ್ತು ನಿಮ್ಮನ್ನ ಹೊರಗೆ ಕೂರಿಸಿ ಕೇಳಬೇಕಿತ್ತು."

ಎರಡು ದಿನದ ಮೇಲೆ ಅವಳು ತೀರಿಹೋದಳು. ಭಗವಂತ ಮೇಷ್ಟ್ರು ಬೇಡಿದ್ದನ್ನು ಬೇಡಿದ ಹಾಗೆಯೇ ಕೊಟ್ಟಿದ್ದ. ಒಂದಕ್ಷರ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮಗಳು ಅವರನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಟ್ಟೆ ಇಟ್ಟು ಕೆಲಸಕ್ಕೆ ಹೋಗುವಳು, ಸಂಜೆ ಬಂದು ಅದೇ ತಟ್ಟೆಯನ್ನು ಹಾಗೇ ಎತ್ತುವಳು. ಮೇಷ್ಟ್ರು ಕೈ ಮುಗಿಯಲು ಕೂತರೆ ಏನು ಕೇಳಬೇಕೆಂದು ತೋಚದೆ ಎದ್ದುಬಿಡುತ್ತಿದ್ದರು. ಎರಡು ತಿಂಗಳ ಮೇಲೆ ಅವರ ಷರಟಿನ ಕೊರಳಲ್ಲಿ ಎರಡು ಬೆರಳು ಆಡುವಷ್ಟು ಜಾಗವಾದದ್ದನ್ನು ಕಂಡು ಮಗಳು ಗುರುವಾರ ರಜೆ ಹಾಕಿದಳು.

ಅದೇ ಮೇಜು, ಅದೇ ನರ್ಸ್, ಅದೇ ಕಾಗದ.

"ತಾತ, ಈ ಬದುಕು ಸಾಕು ಅನ್ನಿಸಿದೆಯಾ?"

"ಇಲ್ಲ."

"ಏನಾದ್ರೂ ಕೆಲಸ..."

"ಹೂಂ."

ಐದನೆಯದಕ್ಕೆ ಪ್ರಶ್ನೆ ಕೇಳುವ ಮೊದಲೇ ಉತ್ತರ ಬಂತು. ಮಗಳು ಕೈ ಚಾಚಿ ಕಾಗದದ ಮೇಲೆ ಅಂಗೈ ಇಟ್ಟಳು.

"ಸಿಸ್ಟರ್, ಈ ಪೇಪರ್ ಔಟಾಗಿದೆ. ಔಟ್ ಮಾಡಿದ್ದೂ ಇವರೇ. ಬೇರೆ ಏನಾದ್ರೂ ಕೇಳಿ."

ನರ್ಸ್ ಒಮ್ಮೆ ಅವಳನ್ನು, ಒಮ್ಮೆ ಅವರನ್ನು ನೋಡಿ ಕಾಗದ ಮಡಚಿಟ್ಟಳು. "ಹೋಗ್ಲಿ, ಊಟ ಹೇಗೆ ನಡೀತಿದೆ ತಾತ?"

ಅಂದು ಹೆಂಡತಿ ತಮ್ಮತ್ತ ನೋಡಿದ ಹಾಗೆಯೇ ಮೇಷ್ಟ್ರು ಪಕ್ಕಕ್ಕೆ ತಿರುಗಿ ಮಗಳ ಮುಖ ನೋಡಿದರು. ಮಗಳು ಏನನ್ನೂ ಹೇಳಿಕೊಡಲಿಲ್ಲ.