ಬಕೆಟಿಗೆ ಬಿದ್ದ ಹೂ

"ಇದ್ ಎಂತ ಪೊರ್ಬುಗಳೆ? ಹೇಳಿ, ಎಂತ ಇದ್?"

ಸರಸ ಟೀಚರ್ ನೆಲ ಒರೆಸುವ ನೀಲಿ ಬಕೆಟನ್ನು ಲಿಗೋರಿ ಬರೆಟ್ಟೊನ ಮೇಜಿನ ಮೇಲೆ ಕುಕ್ಕಿದರು. ಕೊಳಕು ನೀರು ಚೆಲ್ಲಿ ಕಾಗದಗಳು ಒದ್ದೆಯಾದವು. ಬಕೆಟಿನ ತುಂಬ ಹೂ. ಕೇಪಳ, ದಾಸವಾಳ, ಗೋರಟೆ, ಬಾಳೆಲೆಯಲ್ಲಿ ಸುತ್ತಿದ ಒಂದು ಮೊಳ ಅಬ್ಬಲಿಗೆ.

"ಮೊದ್ಲ್ ಅದನ್ನ ಕೆಳಗಿಡಿ ಟೀಚರ್."

"ಇಷ್ಟೊತ್ತು ಕೆಳಗೇ ಇತ್ತಲ್ದಾ, ಗೇಟಿನ ಬುಡದಾಗೆ! ನಿಮ್ಮ ಗೇಟ್ ಕಾಯು ಗುಡ್ಡ ಮಕ್ಕಳ ಕೈಯಿಂದ ಕಸ್ಕಂಡ್ ಕಸ್ಕಂಡ್ ಇದಕ್ಕೆ ಹಾಕ್ತಾ ಇದ್ದ. ಮೂರನೇ ಕ್ಲಾಸಿನ ಶರಣ್ಯಾ ಅಲ್ಲೇ ಕೂಕಂಡ್ ಮರ್ಕ್ತಾ ಇತ್ತ್. ಕಣ್ಣೊರೆಸಿ ಕರ್ಕಂಡ್ ಬಂದೆ."

"ಗುಡ್ಡನ್ನ ಬೈಬೇಡಿ. ಹಾಂಗ್ ಮಾಡುಕೆ ಹೇಳಿದ್ ನಾನೇ."

ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಹಬ್ಬ, ಮರಿಯಮ್ಮ ಹುಟ್ಟಿದ ದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮನೆಯಿಂದ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಹಾಕುವುದು ಈ ಇಗರ್ಜಿ ಶಾಲೆಯಲ್ಲಿ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಅರವತ್ತೊಂದು ಮಕ್ಕಳಲ್ಲಿ ಕ್ರಿಸ್ತುವರು, ಊರವರ ಬಾಯಲ್ಲಿ ಪೊರ್ಬುಗಳು, ಒಂಬತ್ತೇ ಒಂಬತ್ತು. ಹೂ ಮಾತ್ರ ಎಲ್ಲ ಮನೆಯಿಂದಲೂ ಬರುತ್ತಿತ್ತು.

ಈ ವರ್ಷ ಯಾರೂ ಹೂ ತರಕೂಡದು ಎಂದು ವಾಟ್ಸಾಪಿನಲ್ಲಿ ಹಾಕಿಸಿದವನು ಲಿಗೋರಿ. ಕುಂದಾಪುರದ ಒಂದು ಜವಳಿ ಅಂಗಡಿಯವರನ್ನು ಹಿಡಿದು, ದಿನಕ್ಕೆ ಮಗುವಿಗೊಂದರಂತೆ ಪ್ಲಾಸ್ಟಿಕ್ ಸುತ್ತಿದ ಬೆಂಗಳೂರು ಗುಲಾಬಿ ತರಿಸಿದ್ದ. ಅದರ ಬದಲಿಗೆ ಮೂರ್ತಿಯ ಹಿಂದೆ ಅಂಗಡಿಯ ಬ್ಯಾನರು. ಮೂವತ್ತು ವರ್ಷ ಮುಂಬಯಿಯ ಅಂಧೇರಿಯಲ್ಲಿ ಆಫೀಸುಗಳಿಗೆ ಕ್ಯಾಂಟೀನು ನಡೆಸಿದ ತಲೆ, ಬೇರೆ ಹೇಗೆ ಓಡೀತು? ಎಲ್ಲವನ್ನೂ ಮಾರಿ ಊರಿಗೆ ಬಂದು ಕೂತವನನ್ನು ಫಾದರ್ ಕರೆಸಿ, "ಸುತ್ತಲಿನ ಕನ್ನಡ ಶಾಲೆಗಳೆಲ್ಲ ಮುಚ್ಚಿದವು ಲಿಗೋರಿ, ನಮ್ಮದನ್ನಾದರೂ ಉಳಿಸು" ಎಂದು ಆಡಳಿತಾಧಿಕಾರಿಯ ಕುರ್ಚಿ ಕೊಟ್ಟು ಮೂರು ತಿಂಗಳಾಗಿತ್ತು. ಬರುವ ಜೂನಿಗೆ ಮಕ್ಕಳು ಅರವತ್ತಕ್ಕಿಂತ ಕಡಿಮೆಯಾದರೆ ಬೀಗ ಎಂದು ಆಡಳಿತ ಮಂಡಳಿ ಖಡಾಖಂಡಿತ ಹೇಳಿತ್ತು. ಆ ಬೀಗ ಬಿದ್ದರೆ ತಾನು ಬಾಳೆಲ್ಲ ದುಡಿದದ್ದು ಹೊಟ್ಟೆಗೆ ಮಾತ್ರ ಎಂದಾಗಿಬಿಡುತ್ತದೆ ಎಂದು ಲಿಗೋರಿಗೆ ಅಳುಕು.

"ಒಬ್ಬರ ಮನೆಯಿಂದ ಮಲ್ಲಿಗೆ ಬತ್ತ್, ಒಬ್ಬರ ಮನೆಯಿಂದ ಬೇಲಿ ಹೂಗು" ಎಂದ ಅವನು. "ಬಡವರ ಮಕ್ಕಳಿಗೆ ನಾಚಿಕೆ ಆತಿಲ್ಯಾ? ಎಲ್ಲರಿಗೂ ಒಂದೇ ನಮೂನಿ ಕೊಟ್ಟೆ. ಅದ್ರಾಗೆ ತಪ್ಪೆಂತ?"

"ಆ ಶರಣ್ಯಾಗೆ ನಾಚಿಕೆ ಆದ್ ಇವತ್ತೇ ಮಾರಾಯ್ರೆ! ಈ ಅಬ್ಬಲಿಗೆ ಅದರ ಅಜ್ಜಿ ಬೆಳಿಗ್ಗೆ ಎದ್ದ್ ಕಟ್ಟಿದ್ದ್. ನಿಮ್ಮ ಗುಲಾಬಿ ಯಾರ ಮನೆ ಗಿಡದ್ದ್? ಮರಿಯಮ್ಮನ ಬೆನ್ನ ಹಿಂದೆ ಸೀರೆಗೆ ನಲ್ವತ್ತು ಪರ್ಸೆಂಟ್ ಡಿಸ್ಕೌಂಟ್ ಅಂತ ಬರ್ದಿತ್ತ್. ಅದ್ರಾಗೆ ಅವಳ ಪಾಲು ಎಷ್ಟ್?"

ಬಾಗಿಲಲ್ಲಿ ನಿಂತಿದ್ದ ಗುಡ್ಡ ಕಿಸಕ್ಕನೆ ನಕ್ಕುಬಿಟ್ಟ. ಲಿಗೋರಿಯ ಕಿವಿ ಬಿಸಿಯಾಯಿತು. ಗೇಟು ಕಾಯುವವನ ಮುಂದೆ ಹೀಗೆ ಮಾತು ಕೇಳಿಸಿಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

"ಕಾಣಿ ಟೀಚರ್, ನಾನ್ ಇಲ್ಲಿ ಒಂದ್ ರೂಪಾಯಿ ತಕಂತಿಲ್ಲೆ. ಮುಂಬಯಿದ್ ಎಲ್ಲ ಬಿಟ್ಟ್ ಬಂದ್ ಧರ್ಮಕ್ಕೆ ದುಡೀತಾ ಇದ್ದೆ. ಗೊತ್ತಿತ್ತಾ ನಿಮಗೆ?"

"ಗೊತ್ತಿಲ್ದೆ ಎಂತ? ಅಸೆಂಬ್ಲಿಯಾಗೆ ಮೈಕ್ ಹಿಡ್ದ್ ಹೇಳಿದ್ರಿ. ಹೆತ್ತವರ ಸಭೆಯಾಗೆ ಹೇಳಿದ್ರಿ. ಈಗ ಬಾಗಿಲು ಹಾಕ್ದೆ ಮತ್ತೊಂದ್ ಸಲ ಹೇಳಿದ್ರಿ."

ದುಡ್ಡು ಮಾಡುವವನ ಸೊಕ್ಕನ್ನಾದರೂ ತಡೆದುಕೊಳ್ಳಬಹುದು, ಧರ್ಮಕ್ಕೆ ಮಾಡುವವನ ಸೊಕ್ಕಿಗೆ ಮದ್ದಿಲ್ಲ. ಮೂವತ್ತು ವರ್ಷ ಅಡುಗೆಯವರಿಗೂ ಸಪ್ಲೈಯರುಗಳಿಗೂ ಹೇಳಿ ಹೇಳಿ ಲಿಗೋರಿಯ ನಾಲಗೆಯ ತುದಿಯಲ್ಲೇ ಕೂತಿದ್ದ ಮಾತು ತಾನಾಗಿ ಹೊರಬಿತ್ತು.

"ಸರಿ ಬಾರದಿದ್ರೆ ಬಾಗಿಲ್ ಅಲ್ಲಿತ್ತ್. ಇದೇ ಸಂಬಳಕ್ಕೆ ನಾಳೆ ಬೆಳಿಗ್ಗೆ ಹತ್ತ್ ಜನ ಬತ್ತ್ರ್!"

"ಎಷ್ಟ್ ಸಂಬಳಕ್ಕೆ?" ಎಂದು ಕೇಳಿದರು ಸರಸ ಟೀಚರ್.

ಸಂಬಳದ ಪಟ್ಟಿಯಲ್ಲಿ ಆ ಹೆಸರಿಲ್ಲ ಎಂಬುದನ್ನು ಲಿಗೋರಿ ಜೂನಿನಲ್ಲೇ ನೋಡಿದ್ದ. ಇಗರ್ಜಿಯಿಂದ ಬೇರೆ ಕೊಡುತ್ತಿರಬೇಕು ಎಂದುಕೊಂಡು ಸುಮ್ಮನಾಗಿದ್ದ. ಯಾರನ್ನೂ ಕೇಳಿರಲಿಲ್ಲ.

"ನಾನ್ ರಿಟೈರ್ ಆಯಿ ನಾಲ್ಕ್ ವರ್ಷ ಆಯ್ತ್. ಮೂರನೇ ಕ್ಲಾಸಿಗೆ ಜನ ಇಲ್ಲ ಅಂದೇಳಿ ಗುಲ್ವಾಡಿಯಿಂದ ಬತ್ತಾ ಇದ್ದೆ. ಮೇ ತಿಂಗಳಾಗೆ ಮನೆ ಮನೆ ತಿರ್ಗಿ, 'ನಮ್ಮ ಶಾಲೆಗೆ ಹಾಕಿ' ಅಂತ ಮಕ್ಕಳನ್ನ ಕರ್ಕಂಡ್ ಬಪ್ಪುದೂ ನಾನೇ. ಒಂದ್ ರೂಪಾಯಿ ನಾನೂ ತಕಂತಿಲ್ಲೆ ಪೊರ್ಬುಗಳೆ. ಬಾಯಿ ಬಿಟ್ಟ್ ಹೇಳ್ತಾ ಇಪ್ಪುದ್ ಇವತ್ತೇ ಮೊದಲ್."

ಅವರು ಬಕೆಟಿಗೆ ಕೈ ಹಾಕಿ ಬಾಳೆಲೆಯ ಪೊಟ್ಟಣ ಎತ್ತಿಕೊಂಡರು, ಸೆರಗಿನಲ್ಲಿ ಒರೆಸಿದರು. ಜಗಲಿಯಲ್ಲಿ ಚಪ್ಪಲಿ ಮೆಟ್ಟಿ, ಕೊಡೆ ಬಿಚ್ಚಿ, ಅಂಗಳ ದಾಟಿದರು. ಹ್ವಾಯ್ ಟೀಚರ್, ನಿಲ್ಲಿ ಎಂದು ಕೂಗಬೇಕೆಂದು ಲಿಗೋರಿ ಎದ್ದು ನಿಂತ. ಬಾಗಿಲಲ್ಲಿ ಗುಡ್ಡ ಅವನ ಮುಖವನ್ನೇ ನೋಡುತ್ತಿದ್ದ. ಲಿಗೋರಿ ಕೂಗಲಿಲ್ಲ.

ಗಂಟೆ ಹೊಡೆಯಿತು. ಮಕ್ಕಳು ಗುಲಾಬಿ ಹಿಡಿದು ಸಾಲಾಗಿ ನಿಂತರು. ಮರಿಯಮ್ಮನ ಕೊಂಕಣಿ ಹಾಡನ್ನು ಪ್ರತಿ ವರ್ಷ ಎತ್ತಿಕೊಡುತ್ತಿದ್ದವರು ಸರಸ ಟೀಚರ್. ಕೊಂಕಣಿ ಅವರ ಮನೆಮಾತಲ್ಲ, ಆದರೂ ಅವರು ಎತ್ತಿಕೊಟ್ಟ ಮೇಲೆಯೇ ಉಳಿದ ಗಂಟಲುಗಳು ತೆರೆಯುತ್ತಿದ್ದವು. ಅರವತ್ತೊಂದು ಮಕ್ಕಳೂ ಗೇಟಿನ ಕಡೆ ನೋಡುತ್ತ ನಿಂತವು. ಕೊನೆಗೆ ಲಿಗೋರಿ ತಾನೇ ಶುರು ಮಾಡಿದ. ಎರಡನೇ ಸಾಲು ಮರೆತುಹೋಯಿತು.

ಬ್ಯಾನರನ್ನು ಆ ಮಧ್ಯಾಹ್ನವೇ ಕಿತ್ತು ಹಾಕಿಸಿದ. ಮನೆಯ ಹೂವನ್ನೇ ತನ್ನಿ ಎಂದು ಮತ್ತೆ ವಾಟ್ಸಾಪಿನಲ್ಲಿ ಹಾಕಿಸಿದ. ಸರಸ ಟೀಚರ್ ಮರುದಿನ ಬರಲಿಲ್ಲ. ಹೊಸ ತೆನೆ ಹಂಚಿದ ಹಬ್ಬದ ದಿನವೂ ಬರಲಿಲ್ಲ. ಫಾದರ್ ಗುಲ್ವಾಡಿಗೆ ಹೋಗಿ ಕರೆದು, ಚಾ ಕುಡಿದು, ಒಬ್ಬರೇ ವಾಪಸಾದರು.

ಮೇ ತಿಂಗಳಲ್ಲಿ ಲಿಗೋರಿ ಬಣ್ಣದ ಕರಪತ್ರ ಅಚ್ಚು ಹಾಕಿಸಿ, ಕಾರು ತೆಗೆದುಕೊಂಡು ಇದ್ದ ಮಕ್ಕಳನ್ನು ಉಳಿಸಿಕೊಳ್ಳಲು, ಹೊಸಬರನ್ನು ಸೇರಿಸಲು ಹೊರಟ. ಮೊದಲನೆಯದು ಶರಣ್ಯಾಳ ಮನೆ. ಅಜ್ಜಿ ಕರಪತ್ರವನ್ನು ಕೈಗೆ ತೆಗೆದುಕೊಳ್ಳದೆ ಅವನ ಬೆನ್ನ ಹಿಂದೆ ಬೇಲಿಯ ದಣಪೆಯ ಕಡೆ ನೋಡಿದಳು.

"ಟೀಚರ್ ಬರ್ಲಿಲ್ಯಾ?"